ತಮ್ಮನ ಎಂಬತ್ತು ಎಕರೆಯಲ್ಲಿ ಟರ್ಕಿ ಕೋಳಿ ಕಾಣೆಯಾಗುತ್ತಿವೆ: ತಪ್ಪು ಕೋವಿಯದೋ, ಹುಲ್ಲು ಕೊಯ್ಯುವ ಯಂತ್ರದ್ದೋ?

ಪ್ರಶ್ನೆ ಕೇಳಿದವರು: ಬಸವನಗುಡಿಯವ

ನಾನು ಹಕ್ಕಿಗಳ ಬಗ್ಗೆ ತಿಳಿದವನಲ್ಲ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಲೆಕ್ಕ ತಾಳೆಯಾಗದಿದ್ದರೆ ಈಗಲೂ ನಿದ್ರೆ ಬರುವುದಿಲ್ಲ. ಈ ಪ್ರಶ್ನೆ ಹುಟ್ಟಿದ್ದೂ ಹಾಗೆಯೇ.

ನನ್ನ ತಮ್ಮ ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿದ್ದಾನೆ. ನ್ಯಾಶ್‌ವಿಲ್ ನಗರದಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ಮೌರಿ ಕೌಂಟಿ. (ಬರೆಯುವುದು ಮೌರಿ, ಅಲ್ಲಿನವರ ಬಾಯಲ್ಲಿ ಅದು ಮರ್ರಿ. ಇದ್ದಷ್ಟು ದಿನವೂ ನಾನು ತಪ್ಪಾಗಿಯೇ ಹೇಳಿದೆ.) ಅಲ್ಲಿ ಅವನು ಒಂಬತ್ತು ವರ್ಷದ ಹಿಂದೆ ಎಂಬತ್ತು ಎಕರೆ ಕೊಂಡ. ಅರ್ಧ ಕಾಡು, ಅರ್ಧ ಹುಲ್ಲುಗಾವಲು. ಕೊಂಡ ಹೊಸತರಲ್ಲಿ ಬೆಳಿಗ್ಗೆ ಕಾಫಿ ಹಿಡಿದು ಜಗುಲಿಯಲ್ಲಿ ಕುಳಿತರೆ ಮೂವತ್ತು, ನಲವತ್ತು ಕಾಡು ಟರ್ಕಿಗಳು ಮೇಯುತ್ತಾ ಹೋಗುತ್ತಿದ್ದವಂತೆ. ಆಗ ಕಳುಹಿಸಿದ ಫೋಟೊ ನನ್ನ ಹತ್ತಿರ ಇನ್ನೂ ಇದೆ. ಹೋದ ವರ್ಷ ಏಪ್ರಿಲ್‌ನಿಂದ ಜುಲೈವರೆಗೆ ನಾನು ಅಲ್ಲಿದ್ದೆ. ಕಂಡದ್ದು ನಾಲ್ಕು ಹುಂಜ, ಐದೋ ಆರೋ ಹೇಂಟೆ. ಮರಿಗಳು? ಒಂದೇ ಒಂದು ದಿನ, ಒಂದು ಹೇಂಟೆಯ ಹಿಂದೆ ಎರಡು.

ತಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಬಸವನಗುಡಿಯಲ್ಲಿ ಬೆಳೆದ ಹುಡುಗ. ಲಾಲ್‌ಬಾಗಿನ ಗಾಜಿನ ಮನೆಯ ಮುಂದಿನ ಹುಲ್ಲುಹಾಸೇ ಅವನ ಕಣ್ಣಿಗೆ ಜಮೀನಿನ ಮಾದರಿ. ಅವನು ಕೊಂಡಾಗ ಬೇಲಿಯಂಚಿನಲ್ಲೆಲ್ಲ ಮುಳ್ಳುಪೊದೆ, ಎದೆಮಟ್ಟದ ಕಳೆ ಇತ್ತಂತೆ. ಎಲ್ಲವನ್ನೂ ತೆಗೆಸಿದ. ಈಗ ಬೇಲಿಯಿಂದ ಬೇಲಿಗೆ ಜಮಖಾನ ಹಾಸಿದ ಹಾಗೆ ಫೆಸ್ಕ್ಯೂ ಎಂಬ ಹುಲ್ಲು. ವರ್ಷಕ್ಕೆ ಎರಡು ಸಲ ಗುತ್ತಿಗೆಯವನು ಬಂದು ಕೊಯ್ದು, ಉರುಳೆ ಸುತ್ತಿ ಒಯ್ಯುತ್ತಾನೆ. ಊರಿನಿಂದ ಹೋದವರೆಲ್ಲ ‘ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀಯಪ್ಪ’ ಎನ್ನುತ್ತಾರೆ. ನಾನೂ ಎಂದೆ.

ಮೇ ಕೊನೆಯ ವಾರ ಆ ಯಂತ್ರ ಬಂತು. ಹುಲ್ಲಿನ ವಾಸನೆಗೆ ಮನಸೋತು ಅದರ ಹಿಂದೆಯೇ ನಡೆದುಕೊಂಡು ಹೋಗುತ್ತಿದ್ದೆ. ಕಾಡಿನಂಚಿನ ಸಾಲಿನಲ್ಲಿ ಏನೋ ದಪ್ಪ ಕಂದು ಹಕ್ಕಿ ರಪ್ಪನೆ ಎದ್ದು ಮರಗಳ ಕಡೆ ಹೋಯಿತು. ಚಾಲಕನಿಗೆ ಕಾಣಿಸಲಿಲ್ಲ, ಯಂತ್ರ ನಿಲ್ಲಲಿಲ್ಲ. ಹೋಗಿ ಹುಲ್ಲು ಸರಿಸಿದರೆ ಊಟದ ತಟ್ಟೆಯಗಲದ ಒಂದು ತಗ್ಗು, ಒಣ ಎಲೆಯ ಹಾಸು, ಹನ್ನೊಂದು ಮೊಟ್ಟೆ. ಕೆನೆಬಣ್ಣ, ಮೇಲೆ ಇಟ್ಟಿಗೆಪುಡಿ ಚಿಮುಕಿಸಿದ ಹಾಗೆ ಚುಕ್ಕಿ. ನಾಲ್ಕು ಒಡೆದು ಹೋಗಿದ್ದವು. ಒಂದರೊಳಗೆ ರೆಕ್ಕೆ ಕಾಲು ಮೂಡಿದ್ದ ಮರಿ ಇತ್ತು. ಉಳಿದ ಏಳರ ಮೇಲೆ ಅಂಗೈ ಇಟ್ಟೆ. ಬೆಚ್ಚಗಿದ್ದವು. ತಮ್ಮ ಓಡಿ ಬಂದು ನಾಲ್ಕು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿಸಿದ, ಅಷ್ಟು ಜಾಗ ಬಿಟ್ಟು ಕೊಯ್ಯಲು ಹೇಳಿದ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಚಿಪ್ಪುಗಳು ಮಾತ್ರ. ಬೋಳು ಮೈದಾನದ ನಡುವೆ ಮಂಚದಗಲದ ಹುಲ್ಲಿನ ದ್ವೀಪ. ಮೊಟ್ಟೆ ಕದಿಯುವ ರಕೂನ್ ಎಂಬ ಪ್ರಾಣಿಗೆ ವಿಳಾಸ ಬರೆದು ಕೊಟ್ಟ ಹಾಗಾಗಿತ್ತು.

ಆದರೆ ಅಲ್ಲಿ ಯಾರ ಬಾಯಲ್ಲೂ ಯಂತ್ರದ ಮಾತಿಲ್ಲ. ಎಲ್ಲ ಜಗಳವೂ ಬೇಟೆಯ ನಿಯಮದ ಸುತ್ತ. ಪಕ್ಕದ ಜಮೀನಿನ ಹಿರಿಯರು ಐವತ್ತು ವರ್ಷದಿಂದ ಟರ್ಕಿ ಬೇಟೆಯಾಡುವವರು. ಅವರು ಹೇಳುವುದು: ಮೊದಲು ವಸಂತದ ಹಂಗಾಮಿಗೆ ನಾಲ್ಕು ಹುಂಜ ಹೊಡೆಯಬಹುದಿತ್ತು, ಸರ್ಕಾರ ಅದನ್ನು ಇಳಿಸಿ ಎರಡಕ್ಕೆ ತಂದಿತು, 2023ರಿಂದ ಹಂಗಾಮಿನ ಆರಂಭವನ್ನೂ ಎರಡು ವಾರ ಮುಂದೆ ಹಾಕಿತು, ‘ನಾವು ಎಲ್ಲ ಬಿಟ್ಟೆವು, ಕೋಳಿ ಎಲ್ಲಿ?’ ನನ್ನ ತಮ್ಮನ ಮಗಳು ಹೇಳುವುದು: ಬೇಟೆಯನ್ನೇ ಪೂರ್ತಿ ನಿಲ್ಲಿಸಿ. ತಮ್ಮ ‘ಬೇಟೆ ನಿಷೇಧ’ ಎಂಬ ಫಲಕ ತೂಗುಹಾಕಿ ಕೈತೊಳೆದುಕೊಳ್ಳುವ ಯೋಚನೆಯಲ್ಲಿದ್ದಾನೆ.

ಹುಂಜ ಹೊಡೆಯುವುದನ್ನು ನಿಲ್ಲಿಸಿದರೆ ಕೋಳಿ ಹೆಚ್ಚುತ್ತವೆಯೇ? ಇಲ್ಲವಾದರೆ ಎಂಬತ್ತು ಎಕರೆಯವನು ಏನು ಮಾಡಬೇಕು? ಅಲ್ಲಿ ಇದ್ದು ಬಂದವರು ಯಾರಾದರೂ ಬೆಂಗಳೂರಿನಲ್ಲಿ ಇದ್ದರೆ ಹೇಳಿ.


ಜೀವದಯೆ:

ಇದರಲ್ಲಿ ಚರ್ಚೆ ಮಾಡುವುದಕ್ಕೆ ಏನಿದೆ ಸ್ವಾಮಿ? ಹಕ್ಕಿ ಕಡಿಮೆಯಾಗಿದೆ, ಜನ ಅದನ್ನು ಹೊಡೆಯುತ್ತಿದ್ದಾರೆ. ಹೊಡೆಯುವುದನ್ನು ನಿಲ್ಲಿಸಬೇಕು. ನಮ್ಮಲ್ಲಿ 1972ರಲ್ಲೇ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿಯಲ್ಲಿ ಲೈಸೆನ್ಸ್ ಬೇಟೆಯ ಬಾಗಿಲನ್ನೂ ಮುಚ್ಚಿದರು. ನವಿಲು ಇವತ್ತು ತುಮಕೂರು ರಸ್ತೆಯ ಪಕ್ಕದ ಹೊಲದಲ್ಲೂ ಕುಣಿಯುತ್ತಿದೆ. ಮೊಟ್ಟೆ ಒಡೆದ ಯಂತ್ರಕ್ಕೆ ಗೊತ್ತಿರಲಿಲ್ಲ, ಕೋವಿ ಹಿಡಿದವನಿಗೆ ಗೊತ್ತಿದೆ. ನಿಮ್ಮ ತಮ್ಮನ ಮಗಳು ಹೇಳಿದ್ದೇ ಸರಿ.


ಗೌಜಲು:

ನಾನು ಜಾರ್ಜಿಯಾ ರಾಜ್ಯದಲ್ಲಿ ಎರಡು ಹಂಗಾಮು ಟರ್ಕಿ ಹೇಂಟೆಗಳ ಬೆನ್ನಿಗೆ ರೇಡಿಯೊ ಕಟ್ಟಿ, ಅವುಗಳ ಹಿಂದೆ ಕೆಸರಿನಲ್ಲಿ ಅಲೆದವಳು. ಈಗ ಯಲಹಂಕದ ಕಡೆ ಪಾಠ ಹೇಳುತ್ತೇನೆ, ಭಾನುವಾರ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗುತ್ತೇನೆ. ನಿಮ್ಮ ಪ್ರಶ್ನೆ ಓದಿ ಆ ಬೆಚ್ಚಗಿನ ಮೊಟ್ಟೆಯ ಹತ್ತಿರ ನಿಂತುಬಿಟ್ಟೆ. ನಾನು ಎಣಿಸಿದ ಗೂಡುಗಳಲ್ಲಿ ಹೆಚ್ಚಿನವು ಕೊನೆಗೆ ಚಿಪ್ಪಿನ ರಾಶಿಯೇ ಆದವು.

ಲೆಕ್ಕದವರಿಗೆ ಲೆಕ್ಕದಲ್ಲೇ ಹೇಳುತ್ತೇನೆ. ಅಲ್ಲಿ ಎಲ್ಲರೂ ಖರ್ಚಿನ ಕಾಲಂ ಹಿಡಿದು ಜಗಳವಾಡುತ್ತಿದ್ದಾರೆ. ಖಾಲಿ ಬಿದ್ದಿರುವುದು ಜಮೆಯ ಕಾಲಂ.

ವಸಂತದಲ್ಲಿ ಹೊಡೆಯುವುದು ಹುಂಜಗಳನ್ನು. ಎದೆಯಿಂದ ಕುದುರೆ ಬಾಲದಂಥ ಕೂದಲು ಜೋತಿರುತ್ತದಲ್ಲ, ಅದನ್ನು ನೋಡಿ ಹೊಡೆಯುತ್ತಾರೆ. ಒಂದು ಹುಂಜ ಹಲವು ಹೇಂಟೆಗಳೊಡನೆ ಕೂಡುತ್ತದೆ. ಹೇಂಟೆ ಒಮ್ಮೆ ಕೂಡಿದರೆ ಹುಂಜದ ಬೀಜವನ್ನು ಹಲವು ವಾರ ಒಡಲಲ್ಲಿ ಉಳಿಸಿಕೊಂಡು ಮೊಟ್ಟೆಗೆ ಫಲ ಕಟ್ಟಿಸಬಲ್ಲದು. ಆದ್ದರಿಂದ ನಾಲ್ಕರಲ್ಲಿ ಒಂದು ಹುಂಜ ಸತ್ತರೂ ಹೇಂಟೆ ಬಂಜೆಯಾಗಿ ಉಳಿಯುವುದಿಲ್ಲ. ಇದು ಹಳೆಯ ವಾದ, ದಶಕಗಳ ಕಾಲ ಎಲ್ಲ ರಾಜ್ಯಗಳೂ ಇದನ್ನೇ ನಂಬಿ ನಿಯಮ ಬರೆದವು.

ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕಬಾರದು. ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕೆಲ್ ಚೇಂಬರ್ಲಿನ್ ವರ್ಷಗಳಿಂದ ಹೇಳುತ್ತಾ ಬಂದಿರುವುದೇನೆಂದರೆ, ಹುಂಜಗಳಲ್ಲಿ ಮೇಲು ಕೀಳಿನ ಸಾಲು ಇರುತ್ತದೆ, ಹೇಂಟೆಗಳು ವಾರಗಟ್ಟಲೆ ನೋಡಿ ಆರಿಸಿಕೊಳ್ಳುತ್ತವೆ. ಕೂಡುವ ಕಾಲಕ್ಕೆ ಮುಂಚೆಯೇ ಹಂಗಾಮು ತೆರೆದರೆ ಜೋರಾಗಿ ಕೂಗುವ ಯಜಮಾನ ಹುಂಜವೇ ಮೊದಲ ವಾರದಲ್ಲಿ ಬೀಳುತ್ತದೆ. ಸಾಲು ಕಲಸಿಹೋಗಿ ಮೊಟ್ಟೆ ಇಡುವುದು ತಡವಾಗುತ್ತದೆ. ಜಾರ್ಜಿಯಾ 2022ರಲ್ಲಿ ಹಂಗಾಮನ್ನು ಒಂದು ವಾರ ತಡಮಾಡಿ, ಮೂರು ಹುಂಜದ ಮಿತಿಯನ್ನು ಎರಡಕ್ಕೆ ಇಳಿಸಿದಾಗ ಈ ವಾದವೇ ಮುಂದಿತ್ತು.

ಈಗ ನಿಮಗೆ ರುಚಿಸುವ ಭಾಗ. ಇದನ್ನು ಪರೀಕ್ಷೆ ಮಾಡಿದ್ದು ನಿಮ್ಮ ತಮ್ಮನ ಅಂಗಳದಲ್ಲೇ! ಟೆನ್ನೆಸ್ಸಿ ವಿಶ್ವವಿದ್ಯಾಲಯದವರು ರಾಜ್ಯದ ದಕ್ಷಿಣ ಭಾಗದ ಐದು ಕೌಂಟಿಗಳನ್ನು ತೆಗೆದುಕೊಂಡರು. ಜೈಲ್ಸ್, ಲಾರೆನ್ಸ್, ವೇಯ್ನ್ ಈ ಮೂರರಲ್ಲಿ ಹಂಗಾಮು ಎರಡು ವಾರ ತಡ. ಬೆಡ್‌ಫೋರ್ಡ್ ಮತ್ತು ಮೌರಿಯಲ್ಲಿ ಹಳೆಯ ದಿನಾಂಕವೇ. ಹೇಂಟೆಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿ ವರ್ಷಗಟ್ಟಲೆ ಹಿಂಬಾಲಿಸಿದರು. ಎಷ್ಟು ಹೇಂಟೆ ಗೂಡು ಮಾಡಿದವು, ಎಷ್ಟು ಮೊಟ್ಟೆ ಇಟ್ಟವು, ಎಷ್ಟು ಒಡೆದು ಮರಿಯಾದವು ಎಂದು ನೋಡಿದರೆ ಹಂಗಾಮು ತಡವಾದ ಕಡೆಗೂ ಆಗದ ಕಡೆಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಮೊಟ್ಟೆಗೆ ಫಲ ಕಟ್ಟುವುದರಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಮೊಟ್ಟೆ ಇಟ್ಟ ಮೇಲಿನ ಆರೇಳು ವಾರದಲ್ಲಿ.

ಆ ಆರೇಳು ವಾರವನ್ನು ನೋಡಿ. ಹೇಂಟೆ ನೆಲದ ಮೇಲೆಯೇ ಇಪ್ಪತ್ತೆಂಟು ದಿನ ಕಾವು ಕೂರುತ್ತದೆ. ರಕೂನ್, ಒಪಾಸಮ್, ಸ್ಕಂಕ್, ಕಾಗೆ, ಹಾವು ಎಲ್ಲದಕ್ಕೂ ಮೊಟ್ಟೆ ಬೇಕು. ತೋಳದ ಜಾತಿಯ ಕಾಯೋಟಿಗೆ, ಕಾಡುಬೆಕ್ಕಿನಂಥ ಬಾಬ್‌ಕ್ಯಾಟ್‌ಗೆ ಹೇಂಟೆಯೇ ಬೇಕು. ಇವನ್ನೆಲ್ಲ ದಾಟಿ ಮರಿ ಹೊರಗೆ ಬಂದರೂ ಮೊದಲ ಹತ್ತು ಹದಿನಾಲ್ಕು ದಿನ ಅದಕ್ಕೆ ಹಾರಲು ಬರುವುದಿಲ್ಲ. ರಾತ್ರಿ ತಾಯಿಯ ರೆಕ್ಕೆಯಡಿ ನೆಲದಲ್ಲೇ ಮಲಗಬೇಕು. ಹೆಚ್ಚಿನ ಮರಿಗಳು ಸಾಯುವುದು ಈ ಹದಿನೈದು ದಿನದಲ್ಲೇ. ಆಗ ಅವಕ್ಕೆ ಬೇಕಾದದ್ದು ಕಾಳಲ್ಲ, ಹುಳು: ಮಿಡತೆ, ಜೀರುಂಡೆ, ಕಂಬಳಿಹುಳು. ಹುಳು ಹಿಡಿಯುತ್ತಾ ನಡೆಯಲು ಬುಡದಲ್ಲಿ ಜಾಗ ತೆರವಿರಬೇಕು, ಗಿಡುಗನ ಕಣ್ಣು ತಪ್ಪಿಸಲು ತಲೆಯ ಮೇಲೆ ಎಲೆಯ ಕೊಡೆ ಇರಬೇಕು. ತಮ್ಮ ಕಿತ್ತೆಸೆದ ಆ ಎದೆಮಟ್ಟದ ಕಳೆ ಇತ್ತಲ್ಲ, ಅದೇ ಆ ಕೊಡೆ.

ಫೆಸ್ಕ್ಯೂ ಇದಕ್ಕೆ ತದ್ವಿರುದ್ಧ. ಯೂರೋಪಿನಿಂದ ಬಂದ ಹುಲ್ಲು. ಬುಡದಲ್ಲಿ ಚಾಪೆಯಂತೆ ಹೆಣೆದುಕೊಳ್ಳುತ್ತದೆ, ಮೇಲೆ ನೆರಳಿಲ್ಲ. ತಮ್ಮನಿಗೆ ಒಂದು ಕೆಲಸ ಹೇಳಿ. ಜೂನ್ ತಿಂಗಳಲ್ಲಿ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಒಂದು ನಿಂಬೆಹಣ್ಣು ಉರುಳಿಸಲಿ. ಎರಡು ಮಾರು ಉರುಳಿದರೆ ಅಲ್ಲಿ ಮರಿ ನಡೆಯುತ್ತದೆ. ಗೇಣು ದೂರದಲ್ಲಿ ಸಿಕ್ಕಿಹಾಕಿಕೊಂಡರೆ ಮರಿಯೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಬೆಳಗಿನ ಇಬ್ಬನಿಯಲ್ಲಿ ನೆನೆದು ಸಾಯುತ್ತದೆ. ಅಲ್ಲಿನ ಕ್ರೇಗ್ ಹಾರ್ಪರ್ ಅವರಂಥ ಪ್ರಾಧ್ಯಾಪಕರು ಇಷ್ಟು ದಿನವೂ ಗಂಟಲು ಹರಿದುಕೊಳ್ಳುತ್ತಿರುವುದು ಈ ಮರಿ ಸಾಕುವ ನೆಲದ ಬಗ್ಗೆಯೇ. ನಿಯಮ ಬದಲಿಸುವುದಕ್ಕೆ ಒಂದು ಸಭೆ ಸಾಕು. ಆದರೆ ಆಗ್ನೇಯ ರಾಜ್ಯಗಳಲ್ಲಿ ನೆಲದ ಬಹುಪಾಲು ಖಾಸಗಿಯವರದು. ಸಾವಿರಾರು ಜನ ನಿಮ್ಮ ತಮ್ಮಂದಿರು ಒಬ್ಬೊಬ್ಬರಾಗಿ ಮನಸ್ಸು ಬದಲಿಸಬೇಕು. ಅದಕ್ಕೇ ಜಗಳ ಯಾವಾಗಲೂ ನಿಯಮದ ಸುತ್ತ.

ಜೀವದಯೆಯವರಿಗೆ: ನಿಮ್ಮ ಕಳಕಳಿಗೆ ನನ್ನ ವಿರೋಧವಿಲ್ಲ, ಇತಿಹಾಸಕ್ಕಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾರಾಟದ ಬೇಟೆ ಮತ್ತು ಕಾಡು ಕಡಿತದಿಂದ ಟರ್ಕಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಆಗ ಬಿಗಿ ನಿಯಮ ಬೇಕಿತ್ತು, ಬಂತು, ಕೆಲಸವನ್ನೂ ಮಾಡಿತು. ಆದರೆ ಹಕ್ಕಿಯನ್ನು ಮರಳಿ ತಂದದ್ದು ಬೇಟೆಗಾರರ ದುಡ್ಡು. 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆಯ ಬಂದೂಕು ಮತ್ತು ಗುಂಡಿನ ಮೇಲೆ ಶೇ 11ರಷ್ಟು ಸುಂಕ ಹಾಕಿ ಆ ಹಣವನ್ನು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಕೊಡುತ್ತಾರೆ. ಫಾರಂನಲ್ಲಿ ಸಾಕಿದ ಕೋಳಿ ತಂದು ಕಾಡಿಗೆ ಬಿಟ್ಟರೆ ಬದುಕಲಿಲ್ಲ. 1950ರ ದಶಕದಲ್ಲಿ ಫಿರಂಗಿಯಿಂದ ಹಾರಿಸುವ ಬಲೆ ಬಂದ ಮೇಲೆ ಕಾಡಿನ ಹಕ್ಕಿಯನ್ನೇ ಹಿಡಿದು ಖಾಲಿ ಕಾಡುಗಳಿಗೆ ಸಾಗಿಸಿದರು. 1973ರಲ್ಲಿ ಸುಮಾರು 13 ಲಕ್ಷ ಇದ್ದ ಟರ್ಕಿ ಈ ಶತಮಾನದ ಆರಂಭದ ಹೊತ್ತಿಗೆ 65 ಲಕ್ಷ ದಾಟಿತು. ಬೇಟೆ ನಿಲ್ಲಿಸಿದರೆ ಆ ಹಣವೂ ಕಡಿಮೆಯಾಗುತ್ತದೆ.

ನಮ್ಮ ಕಡೆಯದೇ ಉದಾಹರಣೆ ಬೇಕೇ? ರಾಣೆಬೆನ್ನೂರು. ಕೃಷ್ಣಮೃಗಕ್ಕೆಂದು 1974ರಲ್ಲಿ ಅಭಯಾರಣ್ಯವಾಯಿತು, ಬೇಟೆಗೆ ಪೂರ್ತಿ ನಿಷೇಧ. ಎರೆಭೂತ ಹಕ್ಕಿ, ಅದೇ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಲ್ಲಿತ್ತು. ಆದರೆ ಹುಲ್ಲುಗಾವಲನ್ನು ಪಾಳುಭೂಮಿ ಎಂದುಕೊಂಡು ನೀಲಗಿರಿ ತುಂಬಿಸಿದ್ದರು. ಎರೆಭೂತ ಈಗ ಅಲ್ಲಿಲ್ಲ. ಹಾಗಾಗುವುದಕ್ಕೆ ಒಂದು ಗುಂಡೂ ಬೇಕಾಗಲಿಲ್ಲ.


ಮಲ್ಲೇಶ್ವರ ಹತ್ತನೇ ಅಡ್ಡರಸ್ತೆ:

ಸ್ವಲ್ಪ ವಿಷಯಾಂತರ, ಕ್ಷಮಿಸಿ. ಟರ್ಕಿ ಕಡಿಮೆಯಾಗಿದೆ ಎಂದು ಓದಿ ನಗು ಬಂತು. ನಾನು ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಟರ್ಕಿಗಳು ಬೀದಿಯ ಪುಂಡರು. ಅಂಚೆಯವರನ್ನು ಅಟ್ಟುತ್ತವೆ, ನಿಲ್ಲಿಸಿದ ಕಾರಿನ ಬಾಗಿಲಲ್ಲಿ ತಮ್ಮದೇ ಪ್ರತಿಬಿಂಬ ಕಂಡು ಕುಕ್ಕುತ್ತವೆ. ಒಂದು ಹುಂಜ ನನ್ನನ್ನು ಟ್ರಾಮ್ ನಿಲ್ದಾಣದವರೆಗೆ ಬೆನ್ನಟ್ಟಿತ್ತು. ಕೈಯಲ್ಲಿ ಅಮ್ಮ ಕಳುಹಿಸಿದ ಚಕ್ಕುಲಿಯ ಡಬ್ಬ ಇತ್ತು, ಬಿಡಲಿಲ್ಲ ನಾನು. ಮ್ಯಾಸಚೂಸೆಟ್ಸ್‌ನಲ್ಲಿ 1851ರ ಹೊತ್ತಿಗೆ ಟರ್ಕಿ ನಿರ್ನಾಮವಾಗಿತ್ತು. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದಿಂದ 37 ಹಕ್ಕಿ ತಂದು ಬಿಟ್ಟರು, ಅವುಗಳ ಸಂತಾನವೇ ಇವು. ಊರೊಳಗೆ ಬೇಟೆಯಿಲ್ಲ, ಹಕ್ಕಿ ತುಂಬಿದೆ. ಹಾಗಾದರೆ ಜೀವದಯೆಯವರು ಹೇಳಿದ್ದರಲ್ಲೂ ಸತ್ಯ ಇದೆಯಲ್ಲವೇ?


ಗೌಜಲು:

ಇದೆ, ಅರ್ಧ. ಆ ಊರಿನಲ್ಲಿ ಕೋವಿಯೂ ಇಲ್ಲ, ಕಾಯೋಟಿಯ ಕಾಟವೂ ಕಡಿಮೆ, ಹಕ್ಕಿಗೆ ಕಾಳು ಹಾಕುವವರು ಬೀದಿಗೊಬ್ಬರು, ಪೊದೆ ಬೆಳೆದ ಹಿತ್ತಿಲು ಬೇಕಾದಷ್ಟು. ಹಳ್ಳಿಯ ಕಡೆ ಅದೇ ರಾಜ್ಯದಲ್ಲಿ ಬೇಟೆಯೂ ನಡೆಯುತ್ತದೆ, ಹಕ್ಕಿಯೂ ಇದೆ. ಚಕ್ಕುಲಿ ಬಿಡದೆ ಇದ್ದದ್ದು ಒಳ್ಳೆಯದಾಯಿತು.


ಕೋವಿ ಮತ್ತು ಕಾಫಿ:

ನಮ್ಮದು ವಿರಾಜಪೇಟೆ ಕಡೆ, ಈಗ ಜೆ.ಪಿ. ನಗರದಲ್ಲಿ ಮಗನ ಮನೆಯಲ್ಲಿದ್ದೇನೆ. ಕಾಯ್ದೆ ಬರುವ ಮುಂಚೆ ನನ್ನ ತಂದೆ ಕಾಡುಕೋಳಿ ಹೊಡೆದದ್ದನ್ನು ನೋಡಿದ್ದೇನೆ. ಈಗ ನಮ್ಮ ಮನೆಯ ಕೋವಿ ಹೊರಗೆ ಬರುವುದು ಕೈಲ್ ಪೊಳ್ದ್‌ನಲ್ಲಿ, ಹೂ ಏರಿಸಿ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡುವುದಕ್ಕೆ. ಆದ್ದರಿಂದ ನನ್ನ ಮಾತನ್ನು ಹೊಟ್ಟೆಪಾಡಿನ ಮಾತು ಎಂದು ಯಾರೂ ತಿಳಿಯಬೇಕಾಗಿಲ್ಲ.

ಗೌಜಲು ಅವರು ಹೇಳಿದ ನೆಲದ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನಿಯಮವನ್ನು ಅಷ್ಟು ಹಗುರ ಮಾಡಬಾರದು. ಬಾವಿ ಬತ್ತಿದಾಗ ಬಕೆಟ್ ಚಿಕ್ಕದು ಮಾಡುವುದು ನೀರು ಹೆಚ್ಚಿಸುವುದಕ್ಕಲ್ಲ, ಮಳೆ ಬರುವವರೆಗೆ ತಳ ಕಾಣದಿರಲಿ ಎಂದು. ಹೊಲ ಸರಿಯಾಗಲು ಐದಾರು ವರ್ಷ ಬೇಕು, ಅಷ್ಟು ದಿನ ಹಕ್ಕಿ ಉಳಿಯಬೇಕಲ್ಲ?

ಎರಡನೆಯದು, ಬೇಟೆಯೇ ಬದಲಾಗಿದೆ. ಮೈಸೂರಿನಲ್ಲಿ ಓದಿದ ನನ್ನ ಗೆಳೆಯನೊಬ್ಬ ಅಲಬಾಮದಲ್ಲಿದ್ದಾನೆ, ಅವನೊಡನೆ ಎರಡು ಸಲ ಹೋಗಿ ಸುಮ್ಮನೆ ಕುಳಿತಿದ್ದೇನೆ. ಹಳಬರ ಕ್ರಮವೆಂದರೆ ನಸುಕಿನಲ್ಲಿ ಮರಕ್ಕೆ ಬೆನ್ನು ಕೊಟ್ಟು ಕುಳಿತು, ಹೇಂಟೆಯ ದನಿ ಹೊರಡಿಸಿ ಹುಂಜವನ್ನು ಹತ್ತಿರ ಕರೆಸಿಕೊಳ್ಳುವುದು. ಹತ್ತರಲ್ಲಿ ಒಂಬತ್ತು ಸಲ ಹುಂಜವೇ ಗೆಲ್ಲುತ್ತಿತ್ತು. ಗುಳುಗುಳು ಎಂದು ಕೂಗುತ್ತಾ ನೂರು ಗಜದಲ್ಲಿ ನಿಂತುಬಿಡುತ್ತದೆ, ಒಂದು ಹೆಜ್ಜೆ ಮುಂದೆ ಇಡುವುದಿಲ್ಲ. ನಮ್ಮ ಕಾಲು ಮರಗಟ್ಟುತ್ತದೆ. ಈಗ ಹುಂಜದ ಬಾಲದ ಬೀಸಣಿಗೆಯನ್ನೇ ಮುಖದ ಮುಂದೆ ಹಿಡಿದು ಬಯಲಲ್ಲಿ ತೆವಳುತ್ತಾ ಹೋಗುತ್ತಾರೆ. ಎದುರಾಳಿ ಬಂದನೆಂದು ಯಜಮಾನ ಹುಂಜ ಜಗಳಕ್ಕೆ ಓಡಿ ಬರುತ್ತದೆ, ಬಂದು ಸಾಯುತ್ತದೆ. ಜೊತೆಗೆ ಟಂಗ್‌ಸ್ಟನ್ ಚರೆ ಬಂದ ಮೇಲೆ ಮೊದಲು ನಲವತ್ತು ಗಜಕ್ಕೆ ಹೊಡೆಯದಿದ್ದವನು ಈಗ ಅರವತ್ತಕ್ಕೆ ಹೊಡೆಯುತ್ತಾನೆ. ಅಲಬಾಮ 2022ರಲ್ಲಿ ಹಂಗಾಮಿನ ಮೊದಲ ಹತ್ತು ದಿನ ನಕಲಿ ಹಕ್ಕಿ ಇಡಬಾರದು ಎಂದದ್ದು ನನಗೆ ನ್ಯಾಯವಾಗಿ ಕಂಡಿತು. ಇದಕ್ಕೆ ವಿಜ್ಞಾನದ ಸಾಕ್ಷಿ ಕೇಳಬೇಡಿ. ಮರ್ಯಾದೆಯ ಪ್ರಶ್ನೆ.

ಮೂರನೆಯದು ಹೇಂಟೆ. ಹಲವು ರಾಜ್ಯಗಳಲ್ಲಿ ಶರತ್ಕಾಲದ ಹಂಗಾಮಿನಲ್ಲಿ ಹೇಂಟೆಯನ್ನೂ ಹೊಡೆಯಬಹುದು. ಮುಂದಿನ ವರ್ಷ ಹನ್ನೊಂದು ಮೊಟ್ಟೆ ಇಡುವುದನ್ನು ಅಕ್ಟೋಬರ್‌ನಲ್ಲಿ ಹೊಡೆದು ಏಪ್ರಿಲ್‌ನಲ್ಲಿ ಹಕ್ಕಿಯಿಲ್ಲ ಎಂದು ಅಳುವುದು ಯಾವ ಲೆಕ್ಕ? ಕಾನ್ಸಾಸ್ 2023ರಲ್ಲಿ ಆ ಹಂಗಾಮನ್ನೇ ನಿಲ್ಲಿಸಿತು. ನಿಮ್ಮ ತಮ್ಮನ ಪಕ್ಕದ ಹಿರಿಯರನ್ನು ಕೇಳಿ, ಅವರು ಹೇಂಟೆ ಹೊಡೆದವರಲ್ಲ ಎಂದು ನನ್ನ ಊಹೆ. ಐವತ್ತು ವರ್ಷ ಕುಳಿತವರು ಹೊಡೆಯುವುದಿಲ್ಲ.


ಬಸವನಗುಡಿಯವ:

ಎಲ್ಲರಿಗೂ ನಮಸ್ಕಾರ. ನಿನ್ನೆ ಬೆಳಿಗ್ಗೆ, ಅಲ್ಲಿ ರಾತ್ರಿಯಾಗಿದ್ದಾಗ, ತಮ್ಮನಿಗೆ ಎಲ್ಲವನ್ನೂ ಫೋನಿನಲ್ಲಿ ಓದಿ ಹೇಳಿದೆ. ಪ್ರಯೋಗದಲ್ಲಿ ಮೌರಿಯೂ ಇತ್ತು ಎಂಬುದು ಅವನಿಗೇ ಗೊತ್ತಿರಲಿಲ್ಲ. ಪಕ್ಕದ ಹಿರಿಯರ ಬಗ್ಗೆ ಕೋವಿ ಮತ್ತು ಕಾಫಿ ಅವರ ಊಹೆ ಸರಿ. ಜೀವಮಾನದಲ್ಲಿ ಒಂದು ಹೇಂಟೆಯನ್ನೂ ಹೊಡೆದಿಲ್ಲವಂತೆ. ಕೇಳಿದ್ದಕ್ಕೇ ಸ್ವಲ್ಪ ಮುನಿಸಿಕೊಂಡರಂತೆ.

ನಿಂಬೆಹಣ್ಣಿನ ಪರೀಕ್ಷೆಗೆ ಜೂನ್‌ವರೆಗೆ ಕಾಯಲಿಲ್ಲ ಅವನು. ಫ್ರಿಜ್ಜಿನಿಂದ ತೆಗೆದುಕೊಂಡು ಕತ್ತಲಲ್ಲೇ ಟಾರ್ಚ್ ಹಿಡಿದು ಹೋದ. ಒಂದೂವರೆ ಗೇಣು. ಬೇಸರದ ದನಿಯಲ್ಲಿ ‘ಅಣ್ಣ, ನಾನು ಕಳೆ ಎಂದು ಕಿತ್ತದ್ದೆಲ್ಲ ತೊಟ್ಟಿಲು’ ಎಂದ. ಇವನಿಗೆ ಸ್ವಲ್ಪ ನಾಟಕೀಯತೆ ಜಾಸ್ತಿ, ಚಿಕ್ಕಂದಿನಿಂದಲೂ.

ಈಗ ಅವನ ಪ್ರಶ್ನೆಗಳು. ಹುಲ್ಲು ಕೊಯ್ಯುವುದನ್ನು ಪೂರ್ತಿ ನಿಲ್ಲಿಸಬೇಕೇ? ಹಾಗೆ ಸುಮ್ಮನೆ ಬಿಟ್ಟರೆ ಐದು ವರ್ಷದಲ್ಲಿ ದೇವದಾರು ಸಸಿಗಳೆದ್ದು ಕಾಡಾಗುತ್ತದೆ ಎನ್ನುತ್ತಾರೆ, ಹೌದೇ? ಅಲ್ಲಿ ಯಾರೋ ಬೆಂಕಿ ಹಾಕು ಎಂದರಂತೆ. ಅವನ ಹೆಂಡತಿ ಬೆಂಕಿಯ ಹೆಸರು ಕೇಳಿಯೇ ಹೌಹಾರಿದ್ದಾಳೆ. ರಕೂನ್ ಹಿಡಿಯುವ ಬೋನು ಇಡಬೇಕೇ? ಮತ್ತೆ ಜಿಂಕೆಗೆಂದು ಮೆಕ್ಕೆಜೋಳ ಸುರಿಯುವ ಒಂದು ಡ್ರಮ್ ಇಟ್ಟಿದ್ದಾನೆ, ಅದು ಟರ್ಕಿಗೂ ಆಹಾರವಾಗುತ್ತದೆ ಎಂಬ ನಂಬಿಕೆ.


ಗೌಜಲು:

ಡ್ರಮ್ಮನ್ನು ಇವತ್ತೇ ಎತ್ತಿಡಲು ಹೇಳಿ. ಅದು ರಕೂನ್‌ಗಳಿಗೆ ದಾಸೋಹ. ಮಳೆಗೆ ನೆನೆದ ಜೋಳದಲ್ಲಿ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ವಿಷ ಕಟ್ಟುತ್ತದೆ, ನಮ್ಮ ಕಡಲೆಕಾಯಿಗೆ ಹಿಡಿಯುವ ಅದೇ ವಿಷ. ಟರ್ಕಿ ಅದಕ್ಕೆ ಬಹಳ ಸೂಕ್ಷ್ಮ. ಬೋನಿನ ವಿಷಯ: ಒಂದು ಕಾಲದಲ್ಲಿ ತುಪ್ಪಳಕ್ಕೆ ಒಳ್ಳೆಯ ಬೆಲೆಯಿತ್ತು, ಹಳ್ಳಿಹಳ್ಳಿಯಲ್ಲಿ ರಕೂನ್ ಹಿಡಿಯುತ್ತಿದ್ದರು. 1980ರ ದಶಕದ ಕೊನೆಗೆ ಬೆಲೆ ಕುಸಿಯಿತು, ಹಿಡಿಯುವವರು ಬಿಟ್ಟರು, ರಕೂನ್ ಹೆಚ್ಚಿದವು. ಆದರೆ ಎಂಬತ್ತು ಎಕರೆಯಲ್ಲಿ ಹತ್ತು ಹಿಡಿದರೆ ಪಕ್ಕದ ಜಮೀನಿನಿಂದ ಹತ್ತು ಬರುತ್ತವೆ. ಪೊದೆ ದಟ್ಟವಾಗಿದ್ದರೆ ಅವು ಗೂಡನ್ನು ಮೂಸಿ ಹುಡುಕಲು ಹೆಣಗಬೇಕು. ಕೋಲು ನೆಟ್ಟು ಉಳಿಸಿದ ಆ ಮಂಚದಗಲದ ಹುಲ್ಲಿನಲ್ಲಿ ಹೆಣಗುವ ಅಗತ್ಯವೇ ಇರಲಿಲ್ಲ.

ಕೊಯ್ಯುವುದನ್ನು ಪೂರ್ತಿ ನಿಲ್ಲಿಸಬೇಕಿಲ್ಲ. ಆ ಭಾಗದಲ್ಲಿ ಹೆಚ್ಚಿನ ಗೂಡುಗಳು ಮೇ ಕೊನೆ, ಜೂನ್ ಮೊದಲ ಭಾಗದಲ್ಲಿ ಮರಿಯಾಗುತ್ತವೆ. ಮೊದಲ ಗೂಡು ಹಾಳಾದವು ಮತ್ತೆ ಇಡುತ್ತವೆ, ಅವಕ್ಕೆ ಇನ್ನಷ್ಟು ದಿನ ಬೇಕು. ಕಾಡಿನಂಚಿನ ಹೊಲವನ್ನು ಜುಲೈ ಮಧ್ಯದವರೆಗೆ ಮುಟ್ಟದಿದ್ದರೆ ಬಹಳಷ್ಟು ಉಳಿಯುತ್ತದೆ. ಗುತ್ತಿಗೆಯವನು ಗೊಣಗುತ್ತಾನೆ, ಬಲಿತ ಹುಲ್ಲಿಗೆ ಸತ್ವ ಕಡಿಮೆ. ಮನೆಯ ಮುಂದಿನದನ್ನು ಲಾಲ್‌ಬಾಗಿನಂತೆಯೇ ಇಟ್ಟುಕೊಳ್ಳಲಿ, ನಮ್ಮ ಆಕ್ಷೇಪಣೆಯಿಲ್ಲ.

ಉಳಿದದ್ದರಲ್ಲಿ ಹತ್ತು ಹನ್ನೆರಡು ಎಕರೆಯ ಫೆಸ್ಕ್ಯೂವನ್ನು ಶರತ್ಕಾಲದಲ್ಲಿ ಕಳೆನಾಶಕ ಹೊಡೆದು ಸಾಯಿಸಬೇಕು. ಸತ್ತರೆ ಸಾಕು, ಮಣ್ಣಿನಲ್ಲಿ ಮಲಗಿರುವ ಬೀಜಗಳೇ ಏಳುತ್ತವೆ. ಅದರಲ್ಲಿ ಮುಖ್ಯವಾದದ್ದು ರ‍್ಯಾಗ್‌ವೀಡ್ ಎಂಬ ಕಳೆ. ಬುಡದಲ್ಲಿ ಒಂಟಿ ಕಾಂಡ, ಮೇಲೆ ಹರಡಿದ ಎಲೆ, ತುಂಬ ಹುಳು. ಟರ್ಕಿ ಮರಿಗೆ ಹೇಳಿ ಮಾಡಿಸಿದ ಕೊಡೆ. ಮನೆಯಲ್ಲಿ ಅಲರ್ಜಿ ಇರುವವರು ಮಾತ್ರ ಶಾಪ ಹಾಕುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ ಎಂಬ ಸಂಸ್ಥೆ ಇಂಥ ಕೆಲಸಕ್ಕೆ ಖರ್ಚಿನಲ್ಲಿ ಪಾಲು ಕೊಡುತ್ತದೆ, ಕೌಂಟಿಯ ಕಚೇರಿಯಲ್ಲಿ ಕೇಳಲಿ.

ಬೆಂಕಿಯ ವಿಷಯಕ್ಕೆ ಬರುತ್ತೇನೆ. ಹೌದು, ಸುಮ್ಮನೆ ಬಿಟ್ಟರೆ ಸಸಿಗಳೆದ್ದು ಹೊಲ ಮುಚ್ಚಿಹೋಗುತ್ತದೆ. ಅದನ್ನು ತಡೆಯುವುದು ಬೆಂಕಿ. ಫ್ಲಾರಿಡಾ ಗಡಿಯ ಪೈನ್ ಕಾಡುಗಳಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ತುಂಡು ತುಂಡಾಗಿ ಸುಡುತ್ತಾರೆ, ಈ ವರ್ಷ ಇದು, ಮುಂದಿನ ವರ್ಷ ಅದು. ಸುಟ್ಟ ವರ್ಷದ ನೆಲ ಮರಿಗೆ, ಎರಡನೆಯ ವರ್ಷದ ಪೊದೆ ಗೂಡಿಗೆ. ಹುಡುಗಾಟವಲ್ಲ ಇದು: ಟೆನ್ನೆಸ್ಸಿಯಲ್ಲಿ ಅಕ್ಟೋಬರ್ 15ರಿಂದ ಮೇ 15ರವರೆಗೆ ಸುಡಲು ಪರವಾನಗಿ ಬೇಕು. ಸುತ್ತ ನೆಲ ಕೆರೆದು ಗಡಿ ಮಾಡಬೇಕು, ಗಾಳಿ ನೋಡಬೇಕು, ತಿಳಿದವರು ಜೊತೆಗಿರಬೇಕು.

ನಿಮ್ಮ ನಾದಿನಿಗೆ ಭಯವಾದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯ ಹೇಳಿ. ಬೇಸಿಗೆಯ ಮೊದಲಲ್ಲಿ ಅವರು ಹಾಕುತ್ತಿದ್ದದ್ದು ತರಗು ಬೆಂಕಿ. ಉದುರಿದ ಎಲೆಯನ್ನಷ್ಟೇ ಸುಟ್ಟುಕೊಂಡು ಹೋಗುವ ಗಿಡ್ಡ ಬೆಂಕಿ. ಅಭಯಾರಣ್ಯವಾದ ಮೇಲೆ ಅದನ್ನು ನಿಲ್ಲಿಸಿದರು. ಆಮೇಲೆ ಲಂಟಾನ ಕಾಡನ್ನು ಹೇಗೆ ನುಂಗಿತು ಎಂಬುದನ್ನು ಸೋಲಿಗರ ಬಾಯಿಂದಲೇ ಕೇಳಬೇಕು. ಈಗ ಬೆಂಕಿ ಬಿದ್ದರೆ ಲಂಟಾನ ಹತ್ತಿಕೊಂಡು ಮರದ ತುದಿಗೇ ಏರುತ್ತದೆ. ಬೇಟೆ ನಿಲ್ಲಿಸಿದ ಅದೇ ಕಾಗದ ಬೆಂಕಿಯನ್ನೂ ನಿಲ್ಲಿಸಿತು.

ಫಲಕ ಹಾಕಬೇಕೇ ಎಂದರೆ, ನಾನಾಗಿದ್ದರೆ ಹಾಕುವುದಿಲ್ಲ. ಪಕ್ಕದ ಹಿರಿಯರಿಗೆ ವರ್ಷಕ್ಕೆ ಒಂದು ಹುಂಜ ಎನ್ನುತ್ತೇನೆ, ಅದೂ ಏಪ್ರಿಲ್ ಕೊನೆಗೆ. ಬದಲಿಗೆ ಅವರ ಟ್ರ್ಯಾಕ್ಟರ್ ಮತ್ತು ಸುಡುವ ದಿನ ಅವರ ಎರಡು ಕೈ ಕೇಳುತ್ತೇನೆ.


ಜೀವದಯೆ:

ರಾಣೆಬೆನ್ನೂರಿನ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಆ ಒಂದು ಹುಂಜದ ಬಗ್ಗೆ ನನ್ನ ಮನಸ್ಸು ಒಪ್ಪುವುದಿಲ್ಲ. ಹುಲ್ಲು ಬಿಡಲಿ, ಬೆಂಕಿಯನ್ನೂ ಹಾಕಲಿ. ಅದನ್ನು ಯಾಕೆ ಹೊಡೆಯಬೇಕು?


ಬಸವನಗುಡಿಯವ:

ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ತಮ್ಮ ಮತ್ತು ಅವನ ಮಗಳು ಊಟದ ಮೇಜಿನಲ್ಲಿ ಇನ್ನೂ ಅದನ್ನೇ ಮಾತಾಡುತ್ತಿದ್ದಾರಂತೆ.

ಉಳಿದದ್ದು ತೀರ್ಮಾನವಾಗಿದೆ. ಡ್ರಮ್ ಎತ್ತಿಟ್ಟಾಯಿತು. ಕಾಡಿನಂಚಿನ ಹನ್ನೆರಡು ಎಕರೆ ಜುಲೈ ಮಧ್ಯದವರೆಗೆ ಕೊಯ್ಯುವುದಿಲ್ಲ. ಗುತ್ತಿಗೆಯವನು ನಿರೀಕ್ಷೆಯಂತೆ ಗೊಣಗಿದ, ದುಡ್ಡು ಸ್ವಲ್ಪ ಬಿಟ್ಟುಕೊಡಬೇಕಾಯಿತು. ನಾದಿನಿಗೆ ಸೀನು ಬರುವ ಖಾಯಿಲೆ ಮೊದಲಿಂದಲೂ ಇದೆ. ರ‍್ಯಾಗ್‌ವೀಡ್‌ನ ವಿಷಯವನ್ನು ಅವಳಿಗೆ ಇನ್ನೂ ಹೇಳಿಲ್ಲ, ಯಾರೂ ಹೇಳಬೇಡಿ. ಬೇಸಿಗೆಯಲ್ಲಿ ಮರಿ ಎಣಿಸಿ ಕಳುಹಿಸುವ ಕೆಲಸವನ್ನು ತಮ್ಮನ ಮಗಳಿಗೆ ಒಪ್ಪಿಸಿದ್ದೇನೆ. ಗೆರೆ ಎಳೆದ ಹಾಳೆ ಮಾಡಿ ಕೊಟ್ಟಿದ್ದೇನೆ: ದಿನಾಂಕ, ಹೊಲ, ಹೇಂಟೆ, ಮರಿ.


ಗೌಜಲು:

ಮರಿಯಿಲ್ಲದೆ ಒಂಟಿಯಾಗಿ ಬರುವ ಹೇಂಟೆಗಳನ್ನೂ ಬರೆಯಲು ಹೇಳಿ. ಎಲ್ಲರೂ ಮರಿ ಕಂಡ ದಿನ ಮಾತ್ರ ಸಂತೋಷದಿಂದ ಬರೆಯುತ್ತಾರೆ, ಸರಾಸರಿ ಸುಳ್ಳಾಗುತ್ತದೆ. ಎಲ್ಲ ಹೇಂಟೆಗಳನ್ನೂ ಸೇರಿಸಿ ಭಾಗಿಸಿದಾಗ ಒಂದಕ್ಕೆ ಎರಡು ಮರಿಯಾದರೂ ಬಂದರೆ ಹಿಂಡು ನಿಲ್ಲುತ್ತದೆ ಎಂಬುದು ಅಲ್ಲಿನ ರೂಢಿಯ ಅಳತೆ.


ಬಸವನಗುಡಿಯವ:

ಮೂವತ್ತೊಂದು ವರ್ಷ ಲೆಕ್ಕ ಬರೆದವನಿಗೆ ಸೊನ್ನೆಯನ್ನೂ ಬರೆಯಬೇಕೆಂದು ಹೇಳಿಕೊಡುತ್ತೀರಾ ತಾಯಿ! ಹಾಳೆಯಲ್ಲಿ ಕಾಲಂ ಇದೆ. ಹೋದ ವರ್ಷದ್ದನ್ನೂ ನೆನಪಿನಿಂದ ಮೊದಲ ಸಾಲಿನಲ್ಲಿ ತುಂಬಿಸಿದ್ದೇನೆ: ಹೇಂಟೆ ಆರು, ಮರಿ ಎರಡು.